ಎರಡು ಚುಕ್ಕೆಯ ಬೋಲ್ಟು

ಚುನಾವಣೆ ಮುಗಿದು, ಗೆದ್ದವರು ಹಾರ ಹಾಕಿಸಿಕೊಂಡು, ಸೋತವರು ಮನೆ ಸೇರಿದ ಮೇಲೆ ಠಾಣೆಯವರಿಗೆ ಜನರ ಬಂದೂಕುಗಳ ನೆನಪಾಯಿತು. ಎಪ್ಪತ್ತೇಳನೇ ಇಸವಿಯ ಮಾತು ಇದು. ಎಲೆಕ್ಷನ್ ಬಂತೆಂದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಸರ್ಕಾರಕ್ಕೆ ಒಪ್ಪಿಸಬೇಕು, ಮುಗಿದ ಮೇಲೆ ಹೋಗಿ ಬಿಡಿಸಿಕೊಂಡು ಬರಬೇಕು. ತೋಳಗಳಿಗೆ ಎಲೆಕ್ಷನ್ ಇಲ್ಲವಲ್ಲ, ಅವು ಅಷ್ಟು ದಿನವೂ ಐಮಂಗಲದ ಸುತ್ತಿನ ಕುರಿಹಟ್ಟಿಗಳಲ್ಲಿ ಯಾರ ಹಂಗೂ ಇಲ್ಲದೆ ಹಬ್ಬ ಮಾಡಿದ್ದವು.

ಕರಿಸಿದ್ದಪ್ಪ ತನ್ನ ರೈಫಲ್ಲು ಬಿಡಿಸಿಕೊಳ್ಳಲು ಹೋದಾಗ ಅದು ಠಾಣೆಯ ಹಿಂದಿನ ಕೋಣೆಯಲ್ಲಿ ಕುಡಿಯುವ ನೀರಿನ ಗುಡಾಣಕ್ಕೆ ಒರಗಿಕೊಂಡು ನಿಂತಿತ್ತು. ಗುಡಾಣ ಜಿನುಗಿ ಜಿನುಗಿ ಗೋಡೆಯೂ ಹಸಿ, ನೆಲವೂ ಹಸಿ, ನಳಿಗೆಯ ಮೈತುಂಬ ಕೆಂಪು ತುಕ್ಕು. ಆದರೆ ಪೊಲೀಸಿನವರ ಮುಂದೆ ಸಿಟ್ಟು ತೋರಿಸುವ ಅಭ್ಯಾಸ ಎಮರ್ಜೆನ್ಸಿಯ ಆ ಎರಡು ವರ್ಷಗಳಲ್ಲಿ ಎಲ್ಲರಿಗೂ ಬಿಟ್ಟುಹೋಗಿತ್ತು.

"ಬೋಲ್ಟು ಎಲ್ಲೈತೆ ಸ್ವಾಮಿ?" ಎಂದು ಕೇಳಿದ.

"ಬೋಲ್ಟು ಬಿಚ್ಚಿ ಬ್ಯಾರೆ ಇಡ್ರಿ ಅಂತ ಆರ್ಡರ್ ಆಗಿತ್ತಪ್ಪ. ತಡಿ" ಎಂದ ಪೇದೆ, ಗೋಣಿಚೀಲಕ್ಕೆ ಕೈ ಹಾಕಿ, ಸಂತೆಯಲ್ಲಿ ಬದನೆಕಾಯಿ ಎತ್ತಿಕೊಡುವವನ ಹಾಗೆ ಒಂದನ್ನು ಎತ್ತಿ ಕೊಟ್ಟ.

ಬೋಲ್ಟು ಅಂದರೆ ತೋಟಾವನ್ನು ಹಿಂದಿನಿಂದ ಒಳಕ್ಕೆ ತಳ್ಳಿ, ಗುಂಡು ಹಾರುವಾಗ ಅದು ಹಿಂದಕ್ಕೆ ಸರಿಯದಂತೆ ಹಿಡಿದು ನಿಲ್ಲಿಸುವ ಉಕ್ಕಿನ ಅಗುಳಿ. ಅದಿಲ್ಲದ ರೈಫಲ್ಲು ದನ ಅಟ್ಟುವುದಕ್ಕೂ ಬರುವುದಿಲ್ಲ. ಆ ಠಾಣೆಗೆ ಬಂದಿದ್ದ ಬಂದೂಕುಗಳಲ್ಲಿ ಬೋಲ್ಟಿನವು ಎರಡೇ ಎರಡು, ಉಳಿದವೆಲ್ಲ ನಡು ಮುರಿದು ತುಂಬುವ ಜೋಡಿ ನಳಿಗೆಯವು. ಎರಡರಲ್ಲಿ ಒಂದು ಕರಿಸಿದ್ದಪ್ಪನದು, ಇನ್ನೊಂದು ಅವನ ತಂಗಿಯ ಗಂಡ ಬೀರಪ್ಪನದು.

ಮನೆಗೆ ಬಂದು ಜಗುಲಿಯ ಮೇಲೆ ಕೂತು ಬೋಲ್ಟು ಏರಿಸಿದ. ಒಳಗೆ ಹೋಯಿತು, ಕೊನೆಯಲ್ಲಿ ತಡೆದು ನಿಂತಿತು. ಎಣ್ಣೆ ಬಿಟ್ಟು ತಳ್ಳಿದ, ಹಿಡಿಕೆ ಕೆಳಕ್ಕೆ ಮಡಚಲೇ ಇಲ್ಲ. ಹಿಂದಕ್ಕೆಳೆದು ಬಿಸಿಲಿಗೆ ಹಿಡಿದು ನೋಡಿದ. ಹಿಡಿಕೆಯ ಬುಡದಲ್ಲಿ ಉಳಿಯಿಂದ ಕುಟ್ಟಿದ ಚುಕ್ಕೆಗಳು ಎರಡಿದ್ದವು. ಅವನ ಬೋಲ್ಟಿಗೆ ಇದ್ದದ್ದು ಒಂದೇ ಚುಕ್ಕೆ.

"ಆ ನನ್ಮಗಂದು ನಂಗೆ ಕೊಟ್ಟವ್ರೆ!" ಎಂದು ಜೋರಾಗಿ ಅಂದುಕೊಂಡ. ಒಳಗಿದ್ದ ಹೆಂಡತಿ ಏಕನಾಥಮ್ಮ ಯಾವ ನನ್ಮಗ ಎಂದು ಕೇಳಲಿಲ್ಲ. ಆ ಮನೆಯಲ್ಲಿ ಹೆಸರು ಹೇಳದೆ ಬೈಸಿಕೊಳ್ಳುತ್ತಿದ್ದವನು ಒಬ್ಬನೇ.

ಆ ಎರಡು ರೈಫಲ್ಲುಗಳ ಹುಟ್ಟು ಒಂದೇ. ದೊಡ್ಡ ಲಡಾಯಿ ಮುಗಿದ ಮೇಲೆ ಸೈನ್ಯದವರು ಹಳೆಯ ಬಂದೂಕುಗಳನ್ನು ಪೆಟ್ಟಿಗೆಗಟ್ಟಲೆ ವಿಲೇವಾರಿ ಮಾಡಿದರು. ದುರ್ಗದ ಕೋಟೆಯ ಕೆಳಗಿನ ಓಣಿಯಲ್ಲಿ ಬಂದೂಕು ರಿಪೇರಿಯ ಅಂಗಡಿ ಇಟ್ಟಿದ್ದ ಲಾಲ್ ಸಾಬರು ಬೆಂಗಳೂರಿನಿಂದ ಅಂಥ ಎರಡನ್ನು ಒಂದೇ ಪೆಟ್ಟಿಗೆಯಲ್ಲಿ ತಂದರು. ಬಂದಾಗ ಅವು ಒನಕೆಯ ಹಾಗಿದ್ದವು. ಮೂತಿಯವರೆಗೂ ಮರ, ಮೂತಿಯಲ್ಲಿ ಕತ್ತಿ ಸಿಕ್ಕಿಸುವ ಕೊಕ್ಕೆ, ಹೊತ್ತವನ ಹೆಗಲು ಮುರಿಯುವ ಭಾರ. ಸೈನ್ಯದ ತೋಟಾವನ್ನು ಜನಸಾಮಾನ್ಯರು ಇಟ್ಟುಕೊಳ್ಳುವ ಹಾಗಿಲ್ಲ, ಆದ್ದರಿಂದ ನಳಿಗೆಗಳೇ ಬದಲಾದವು. ಸಾಬರು ಮುಂದಿನ ಮರವನ್ನು ಕೊಯ್ದು ತೆಗೆದರು, ಕೊಕ್ಕೆ ಕಿತ್ತು ಹಾಕಿದರು, ಹೆಗಲಿಗೆ ಒತ್ತುವ ಹಿಡಿಯನ್ನು ಕೆತ್ತಿ ಕೆತ್ತಿ ತೆಳ್ಳಗೆ ಮಾಡಿದರು, ಅಂಗೈಯಲ್ಲಿ ಅಗಸೆ ಎಣ್ಣೆ ಹಾಕಿಕೊಂಡು ಮರ ಬೆಚ್ಚಗಾಗುವವರೆಗೆ ಉಜ್ಜಿದರು. ಹೊಸ ನಳಿಗೆಗೆ ತಕ್ಕಂತೆ ಬೋಲ್ಟಿನ ತಲೆಯನ್ನು ಕೂದಲೆಳೆಯಷ್ಟು ಅರ ಹಾಕಿ ಕೂರಿಸಿದರು. ಅದಲು ಬದಲಾಗಬಾರದೆಂದು ಒಂದಕ್ಕೆ ಒಂದು ಚುಕ್ಕೆ, ಇನ್ನೊಂದಕ್ಕೆ ಎರಡು ಚುಕ್ಕೆ ಕುಟ್ಟಿದರು. ಗಡಸು ಸಿಪಾಯಿಗಳಾಗಿ ಬಂದವು ಶಿಕಾರಿಗೆ ಹೇಳಿ ಮಾಡಿಸಿದ ಹಗುರ ಬಂದೂಕುಗಳಾಗಿ ಅಂಗಡಿಯ ಗೋಡೆಯ ಮೇಲೆ ನಿಂತವು.

ಕರಿಸಿದ್ದಪ್ಪ ಒಂದನ್ನು ಕೊಳ್ಳಲು ಹೋದವನು ಎರಡನ್ನೂ ಕೊಂಡ. ಆ ವರ್ಷವೇ ತಂಗಿ ಗಂಗಕ್ಕನ ಮದುವೆ. ಅಳಿಯನಿಗೆ ವಾಚು ಕೊಟ್ಟವರನ್ನು, ಸೈಕಲ್ಲು ಕೊಟ್ಟವರನ್ನು ಆ ಸೀಮೆ ಕಂಡಿತ್ತು. ಲೈಸೆನ್ಸು ಮಾಡಿಸಿ ರೈಫಲ್ಲು ಕೊಟ್ಟವನು ಕರಿಸಿದ್ದಪ್ಪನೊಬ್ಬನೇ. ತಂದೆ ಇಲ್ಲದ ಹುಡುಗಿ, ನಾನೇ ತಂದೆ ಎಂದು ಎದೆಯುಬ್ಬಿಸಿಕೊಂಡು ಓಡಾಡಿದ. ಬೀರಪ್ಪನೂ ಒಳ್ಳೆಯವನೇ, ನಗೆಗಾರ. ಹೆದ್ದಾರಿಯ ಆ ಬದಿಗೆ ಅವನ ಹಟ್ಟಿ, ಈ ಬದಿಗೆ ಇವನದು. ಕುರಿಗೆ ತೋಳ ಬಿತ್ತೆಂದರೆ, ಹೊಲಕ್ಕೆ ಹಂದಿ ನುಗ್ಗಿತೆಂದರೆ ಭಾವ ಭಾವ ಎನ್ನುತ್ತ ಓಡಿ ಬರುತ್ತಿದ್ದ. ಇಬ್ಬರೂ ಹೆಗಲಿಗೆ ಜೋಡಿ ಬಂದೂಕು ಏರಿಸಿಕೊಂಡು ಕಾವಲಿಗೆ ಹೊರಟರೆ ನೋಡುವವರಿಗೂ ಒಂದು ಸಂತೋಷ.

ಕೆಟ್ಟದ್ದು ಒಂದು ಹಂದಿಯ ತಲೆಯಿಂದ. ಯುಗಾದಿಯ ಮರುದಿನ ಹೊಸತೊಡಕಿನ ಬೇಟೆ, ಬೇಟೆಗೆ ಇನ್ನೂ ಕಾನೂನಿನ ತಡೆ ಬಂದಿರದ ಕಾಲ. ಮೊದಲ ಗುಂಡು ಯಾರದು ಬಿತ್ತೋ ಅವರಿಗೆ ತಲೆ ಸಲ್ಲಬೇಕು, ಉಳಿದ ಮಾಂಸ ಎಲ್ಲರಿಗೂ ಸಮಪಾಲು, ಇದು ಅಲ್ಲಿನ ಪದ್ಧತಿ. ಆ ಸಲ ಒಂಟಿ ಹಂದಿಯೊಂದು ಕುರುಚಲಿನಿಂದ ಎದ್ದಾಗ ಎರಡು ರೈಫಲ್ಲುಗಳೂ ಒಟ್ಟಿಗೆ ಸಿಡಿದವು. ಹಂದಿಯ ಮೈಯಲ್ಲಿ ಗಾಯ ಎರಡು, ಒಂದು ಎದೆಗೆ, ಒಂದು ತೊಡೆಗೆ. ಬೇರೆ ಬೇರೆ ಬಂದೂಕಾಗಿದ್ದರೆ ಗಾಯ ನೋಡಿ ಇದು ಇವನದು ಎಂದು ಹೇಳಬಹುದಿತ್ತು. ಒಂದೇ ಪೆಟ್ಟಿಗೆಯ ಒಡಹುಟ್ಟಿದವು, ತೋಟಾ ಒಂದೇ, ತೂತೂ ಒಂದೇ. ಹಿರಿಯ ತಿಮ್ಮರಾಯಪ್ಪ ಬೆರಳು ಹಾಕಿ ನೋಡಿ, ತಲೆ ಕೆರೆದುಕೊಂಡು, "ಅಳಿಯ ಅಲ್ವೇನ್ರಪ್ಪ, ಬೀರಪ್ಪನೇ ತಗಳ್ಳಿ ಬಿಡ್ರಿ" ಎಂದ.

ಅಲ್ಲಿಗೆ ಮುಗಿಯಬೇಕಿತ್ತು. ಕರಿಸಿದ್ದಪ್ಪನ ನಾಲಿಗೆ ಸುಮ್ಮನಿರಲಿಲ್ಲ. "ತಗಳ್ಳಿ. ಬಂದೂಕು ಕೊಟ್ಟೋರು ಯಾರು ಅಂತ ನೆನಪಿರ್ಲಿ" ಎಂದುಬಿಟ್ಟ.

ಬೀರಪ್ಪ ನಗುತ್ತಲೇ ಹೇಳಿದ: "ಬಂದೂಕು ಕೊಟ್ಟಿದ್ದೀ ಭಾವ, ಇಲ್ಲ ಅನ್ನಲ್ಲ. ಗುರಿ ಕೊಟ್ಟಿಲ್ಲ."

ಇಡೀ ಬೇಟೆಯ ಗುಂಪು ಹೊಟ್ಟೆ ಹಿಡಿದುಕೊಂಡು ನಕ್ಕಿತು. ತಿಮ್ಮರಾಯಪ್ಪನೂ ನಕ್ಕ. ಆ ನಗು ಕರಿಸಿದ್ದಪ್ಪನ ಕಿವಿಯಿಂದ ಮತ್ತೆ ಇಳಿಯಲಿಲ್ಲ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಗೌರಿ ಹಬ್ಬಕ್ಕೆ ತಂಗಿಯನ್ನು ಕರೆಯಲು ಹೋಗಲಿಲ್ಲ, ಬಾಗಿನ ಕಳಿಸಲಿಲ್ಲ. ಮೊದಲ ವರ್ಷ ಅವಳೇ ಬಂದಳು. ಅಣ್ಣ ಮುಖ ಕೊಟ್ಟು ಮಾತಾಡದ್ದು ನೋಡಿ ಆಮೇಲೆ ಅವಳೂ ಬರಲಿಲ್ಲ. ಒಂದು ಮಾತಿಗೆ ಇಷ್ಟೊಂದು ವರ್ಷವೇ ಎಂದು ಯಾರಾದರೂ ಕೇಳಬಹುದು. ಕೆಲವರು ಹಾಗೆಯೇ, ಸಿಟ್ಟನ್ನು ಕುರಿಮರಿಯ ಹಾಗೆ ಕೈಯಾರೆ ಮೇವು ಹಾಕಿ ಸಾಕುತ್ತಾರೆ.

ಈಗ ಆ ಬೀರಪ್ಪನ ಬೋಲ್ಟು ಇವನ ಜಗುಲಿಯ ಮೇಲೆ. ಇವನ ಬೋಲ್ಟು ಅವನ ಮನೆಯಲ್ಲಿ. ಹೆದ್ದಾರಿ ದಾಟಿದರೆ ಆಯಿತು, ಕೊಟ್ಟು ತರುವ ಕೆಲಸ. ಏಕನಾಥಮ್ಮ ಅದನ್ನೇ ಹೇಳಿದಳು.

"ಅವನೇ ಬರ್ಲಿ. ಅವನ ಹತ್ರಾನೂ ಬ್ಯಾರೇದು ಐತಲ್ಲ, ಕಣ್ಣು ಕಾಣಲ್ವಾ ಅವನಿಗೆ?" ಎಂದ ಕರಿಸಿದ್ದಪ್ಪ.

ಬೀರಪ್ಪ ಬರಲಿಲ್ಲ. ಕರಿಸಿದ್ದಪ್ಪ ತುಕ್ಕು ತೆಗೆಯಲು ಕೂತ. ಮಧ್ಯಾಹ್ನ ಕುರಿಗಳು ಬೇವಿನ ನೆರಳಿಗೆ ಬಂದು ಮಲಗಿದಾಗ ಅವನು ರೈಫಲ್ಲನ್ನು ಕಂಬಳಿಯ ಮೇಲೆ ಬಿಚ್ಚಿ ಹಾಕಿಕೊಳ್ಳುತ್ತಿದ್ದ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ, ತೆಂಗಿನ ನಾರು, ಜರಡಿ ಹಿಡಿದ ಸಗಣಿಬೂದಿ. ನಳಿಗೆಯ ಒಳಗೆ ಕುದಿಯುವ ನೀರು ಹೊಯ್ದು, ಬಿಸಿ ಆರುವ ಮುಂಚೆಯೇ ಬಟ್ಟೆ ಎಳೆದು, ಎಣ್ಣೆ ಸವರುತ್ತಿದ್ದ. ಮರ ನೀರು ಕುಡಿದು ಬೆಳ್ಳಗಾಗಿತ್ತು. ಅದಕ್ಕೆ ಅಗಸೆ ಎಣ್ಣೆ ತಿಕ್ಕಿ ಬಿಸಿಲಿಗಿಟ್ಟು, ಮತ್ತೆ ತಿಕ್ಕಿ, ಲಾಲ್ ಸಾಬರು ಕೊಟ್ಟ ದಿನ ಇದ್ದ ಜೇನಿನ ಬಣ್ಣ ಬರುವವರೆಗೆ ಬಿಡಲಿಲ್ಲ. ಮೈಯಲ್ಲಿ ಮುಖ ಕಾಣುವಂತಾಯಿತು. ನಡುವೆ ಬೋಲ್ಟಿನ ಜಾಗ ಮಾತ್ರ ಖಾಲಿ. ಬೀರಪ್ಪನ ಬೋಲ್ಟಿಗೆ ಅವನು ಒಂದು ಹನಿ ಎಣ್ಣೆ ಮುಟ್ಟಿಸಲಿಲ್ಲ, ಗೋಡೆಯ ಗೂಡಿನಲ್ಲಿ ಎಸೆದಿದ್ದ.

ಕೊನೆಗೆ ಬೇರೆ ಬೋಲ್ಟು ಸಿಕ್ಕೀತೇ ಎಂದು ರೈಫಲ್ಲನ್ನೂ ಆ ಬೋಲ್ಟನ್ನೂ ಕಂಬಳಿಯಲ್ಲಿ ಸುತ್ತಿಕೊಂಡು ದುರ್ಗದ ಬಸ್ಸು ಹತ್ತಿದ.

ಲಾಲ್ ಸಾಬರಿಗೆ ವಯಸ್ಸಾಗಿತ್ತು. ಬೇಟೆ ನಿಂತ ಮೇಲೆ ಅಂಗಡಿಗೆ ಬರುವವರೂ ಕಡಿಮೆ. ಗೋಡೆಯ ಮೇಲೆ ಬಂದೂಕುಗಳಿದ್ದ ಜಾಗದಲ್ಲಿ ಈಗ ಹೊಲಿಗೆ ಮಿಷನ್ನಿನ ಚಕ್ರಗಳು ನೇತಾಡುತ್ತಿದ್ದವು. ಆದರೂ ರೈಫಲ್ಲು ಕೈಗೆ ಬಂದ ಕೂಡಲೇ ಅವರ ಮುಖ ಅರಳಿತು. "ಕುಂತ್ಕ ಸಿದ್ದಪ್ಪ, ಕುಂತ್ಕ. ವಾಹ್! ಏನು ನೋಡ್ಕಂಡಿದ್ದೀಯೋ ಮಾರಾಯ" ಎಂದು ಮರವನ್ನು ಸವರಿದರು. ಬೋಲ್ಟು ನೋಡಿದ ಮೇಲೆ ನಗು ನಿಂತಿತು. ಏರಿಸಿದರು, ತೆಗೆದರು, ಮತ್ತೆ ಏರಿಸಿದರು.

"ಇದು ಬೀರಪ್ಪಂದು. ಹಂಗಾದ್ರೆ ನಿಂದು ಅವನ ಹತ್ರ ಐತೆ" ಎಂದರು.

"ಇರ್ಬೇಕು ಸಾಬ್ರೇ. ಅದಕ್ಕೇ ಬ್ಯಾರೇದು ಸಿಗುತ್ತೇನೋ ಅಂತ ಬಂದೆ."

"ಬ್ಯಾರೇದು ಹಾಳಾಗ್ಲಿ, ನಾ ಹೇಳೋದು ಕೇಳು. ಅವನದು ನಿನ್ನದಕ್ಕಿಂತ ಒಂದು ಕೂದಲು ಉದ್ದ. ನಿನ್ನ ಬಂದೂಕಿಗೆ ಕೂರಲ್ಲ, ಅಷ್ಟೇ, ಅಪಾಯ ಇಲ್ಲ. ನಿಂದು ಒಂದು ಕೂದಲು ಗಿಡ್ಡ. ಅವನ ಬಂದೂಕಲ್ಲಿ ಅದು ಸಲೀಸಾಗಿ ಕೂತ್ಕಳುತ್ತೆ. ಅದೇ ನೋಡು ಕೆಟ್ಟದ್ದು. ತೋಟಾಗೆ ಹಿಂದೆ ಆಸರೆ ಇರಲ್ಲ. ಹಿತ್ತಾಳೆ ಹರಿದು ಬೆಂಕಿ ಎಲ್ಲಾ ಹಿಂದಕ್ಕೆ ಬರುತ್ತೆ, ಮುಖಕ್ಕೆ. ಒಂದು ಸಲ ತಡೀಬಹುದು, ಎರಡು ಸಲ ತಡೀಬಹುದು. ಅವನಿಗೆ ಹೇಳು, ಕುದುರೆ ಒತ್ತಬ್ಯಾಡ, ಗುಂಡು ಹಾರಿಸಬ್ಯಾಡ ಅಂತ. ಇವತ್ತೇ ಹೇಳು."

ಕರಿಸಿದ್ದಪ್ಪ ನೆಲ ನೋಡುತ್ತ ಕೂತ. "ನೀವೇ ಒಂದು ಕಾರ್ಡು ಹಾಕಿಬಿಡ್ರಿ ಸಾಬ್ರೇ" ಎಂದ.

ಸಾಬರಿಗೆ ಅವರಿಬ್ಬರ ಮಾತು ಬಿಟ್ಟಿರುವುದು ಗೊತ್ತಿತ್ತು. ಹಂದಿ ತಲೆಯ ಕತೆ ದುರ್ಗದವರೆಗೂ ಬಂದಿತ್ತು. ಮುದುಕನ ತಲೆಯಲ್ಲಿ ಒಂದು ಒಳ್ಳೆಯ ಯೋಚನೆ ಬಂದದ್ದು ಆಗಲೇ, ಕೆಟ್ಟ ಗಳಿಗೆಯಲ್ಲಿ.

"ನಾ ಯಾಕೆ ಹಾಕ್ಲಿ? ನೀನೇ ಹೋಗು. ಈ ಬೋಲ್ಟು ಅವನ ಕೈಗಿಡು, ಜೀವ ಉಳಿಸಕ್ಕೆ ಬಂದೆ ಅನ್ನು. ಕೊಟ್ಟು ತಗಂಡು, ತಂಗಿ ಕೈಲಿ ಒಂದು ಲೋಟ ಮಜ್ಜಿಗೆ ಕುಡುದು ಬಾ. ನಾನು ಮಾಡಿದ ಜೋಡಿ ಇದು ಸಿದ್ದಪ್ಪ. ಹಿಂಗೆ ಅಡ್ಡಾದಿಡ್ಡಿ ಆಗಿರೋದು ನಂಗೆ ಸರಿ ಕಾಣಲ್ಲ. ಹೇಳ್ತೀಯಾ?"

"ಹೇಳ್ತೀನಿ ಬಿಡ್ರಿ" ಎಂದ ಕರಿಸಿದ್ದಪ್ಪ. ಆಗ ಅವನಿಗೆ ಹೇಳುವ ಮನಸ್ಸೇ ಇತ್ತು, ಅದರಲ್ಲಿ ಸುಳ್ಳಿಲ್ಲ.

ಬಸ್ಸಿನಲ್ಲಿ ಕೂತು ಹೇಗೆ ಹೇಳಬೇಕೆಂದು ಅಭ್ಯಾಸವನ್ನೂ ಮಾಡಿದ. ಐಮಂಗಲದಲ್ಲಿ ಇಳಿದಾಗ ಬೀರಪ್ಪ ಎದುರಿಗೇ ಇದ್ದ. ಹೆದ್ದಾರಿಯ ಹೋಟೆಲಿನ ಬೆಂಚಿನ ಮೇಲೆ, ನಾಲ್ಕಾರು ಜನರ ನಡುವೆ ಕೂತು ಟೀ ಕುಡಿಯುತ್ತಿದ್ದ. ಕರಿಸಿದ್ದಪ್ಪನ ಕಾಲುಗಳು ಆ ಕಡೆಗೆ ಎರಡು ಹೆಜ್ಜೆ ಹೋದವು ಕೂಡ. ಅಷ್ಟರಲ್ಲಿ ಬೀರಪ್ಪ ಇವನನ್ನೂ, ಇವನ ಹೆಗಲ ಕಂಬಳಿಯಿಂದ ಇಣುಕುತ್ತಿದ್ದ ನಳಿಗೆಯನ್ನೂ ನೋಡಿ, ಪಕ್ಕದವನ ಕಿವಿಯಲ್ಲಿ ಏನೋ ಹೇಳಿದ. ಬೆಂಚಿಗೆ ಬೆಂಚೇ ನಕ್ಕಿತು.

ಅವರು ನಕ್ಕದ್ದು ಯಾವುದಕ್ಕೋ. ಬೀರಪ್ಪ ಎಲ್ಲಿ ಕೂತರೂ ಜನ ನಗುತ್ತಿದ್ದರು. ಆದರೆ ಕರಿಸಿದ್ದಪ್ಪನಿಗೆ ಕೇಳಿಸಿದ್ದು ಹೊಸತೊಡಕಿನ ನಗು. ಅವನು ಮುಖ ತಿರುಗಿಸಿ ತನ್ನ ಹಟ್ಟಿಯ ದಾರಿ ಹಿಡಿದ. ನಗಲಿ, ಚೆನ್ನಾಗಿ ನಗಲಿ, ನಾಳೆ ಅವನಾಗಿಯೇ ಬಂದು ಬೋಲ್ಟು ಕೊಡು ಭಾವ ಎಂದು ಕೇಳಲಿ, ಆಗ ಹೇಳುತ್ತೇನೆ ಎಂದುಕೊಂಡ. ಹೇಳುವುದಿಲ್ಲ ಎಂದು ಅವನು ಒಂದು ದಿನವೂ ಅಂದುಕೊಳ್ಳಲಿಲ್ಲ. ಅವನು ಬಂದರೆ ಹೇಳುತ್ತೇನೆ ಎಂದಷ್ಟೇ ಅಂದುಕೊಳ್ಳುತ್ತಿದ್ದ. ಮನುಷ್ಯ ತನಗೆ ತಾನೇ ಮೋಸ ಮಾಡಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ.

ಇನ್ನು ಬೀರಪ್ಪ. ಬೋಲ್ಟಿನ ಮೇಲೆ ಒಂದೇ ಚುಕ್ಕೆ ಇರುವುದು ಅವನ ಕಣ್ಣಿಗೂ ಬಿದ್ದಿತ್ತು. ಒಂದೇ ಪೆಟ್ಟಿಗೆಯವು, ಯಾವುದಾದರೇನು, ಸಲೀಸಾಗಿ ಕೂರುತ್ತದಲ್ಲ ಎಂದುಕೊಂಡ. ಭಾವನ ಬೋಲ್ಟು ತನ್ನ ಹತ್ತಿರ ಇರುವುದು, ಭಾವ ಅಲ್ಲಿ ಒದ್ದಾಡುತ್ತಿರುವುದು ಅವನಿಗೆ ಒಂದು ತಮಾಷೆಯಾಗಿತ್ತು. ಕೇಳಿಕೊಂಡು ಬಂದರೆ ಕೊಡೋಣ ಎಂದು ಅವನೂ ಕಾದ.

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಹಿರಿಯೂರಿನ ಸಂತೆಯಲ್ಲಿ ಕರಿಸಿದ್ದಪ್ಪನಿಗೆ ತಂಗಿ ಸಿಕ್ಕಳು. ತೆಂಗಿನಕಾಯಿಯ ರಾಶಿಗಳ ನಡುವೆ, ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ ನೀರಿನ ಸದ್ದು ಕೇಳುತ್ತಿದ್ದಳು. ಇವನನ್ನು ನೋಡಿದವಳೇ ಕಾಯಿ ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು. ಕಿವಿಯ ಪಕ್ಕದ ಕೂದಲು ನರೆತಿದ್ದವು.

"ಚೆನ್ನಾಗಿದ್ದೀಯಾ ಅಣ್ಣ? ಅತ್ತಿಗೆ ಹೆಂಗವ್ಳೆ?"

"ಇದ್ದೀವಿ."

"ಕುರಿ ಈದಾವಾ?"

"ಈದವೆ. ತೋಳದ ಕಾಟ."

"ನಮ್ಮ ಕಡೀಗೂ ಬಂದೈತೆ ಅಣ್ಣ. ಮೊನ್ನೆ ಎರಡು ಮರಿ ಹೊತ್ಕಂಡು ಹೋಯ್ತು. ಇವ್ರು ಕಾಯ್ಕಂಡು ಕುಂತವ್ರೆ, ಈ ಸಲ ಬಿಡಲ್ಲ ಅಂತ." ಅಣ್ಣನ ಮುಖವನ್ನೇ ನೋಡುತ್ತ ಕೇಳಿದಳು: "ಅವರಿಗೆ ಏನಾದ್ರೂ ಹೇಳ್ಬೇಕಾ ಅಣ್ಣ? ಏನಾದ್ರೂ?"

ಅವಳು ಕೇಳಿದ್ದು ರಾಜಿಯ ಮಾತಿಗಾಗಿ. ಒಂದು ಒಳ್ಳೆಯ ಮಾತು ಸಿಕ್ಕಿದರೆ ಕಾಯಿಯ ಜೊತೆ ಕಟ್ಟಿಕೊಂಡು ಹೋಗಿ ಗಂಡನ ಮುಂದೆ ಬಿಚ್ಚಿಡುತ್ತಿದ್ದಳು. ಕರಿಸಿದ್ದಪ್ಪನ ಬಾಯಿಯವರೆಗೆ ಮಾತು ಬಂತು. ಕುದುರೆ ಒತ್ತಬೇಡ ಎಂದು ಹೇಳು, ಅಷ್ಟೇ ಸಾಕಿತ್ತು. ಆದರೆ ಹೇಳಿದರೆ ಅವನು ಏನನ್ನುತ್ತಾನೆ? ಭಾವ ನನ್ನ ಹೆಂಡತಿಯ ಕೈಲಿ ಹೇಳಿ ಕಳಿಸಿದ, ಬೋಲ್ಟಿಗಾಗಿ ಸೋತು ಬಂದ ಎನ್ನುತ್ತಾನೆ. ಹೋಟೆಲಿನ ಬೆಂಚಿನ ಮೇಲೆ ಇನ್ನೊಂದು ನಗು.

"ಏನಿಲ್ಲ" ಎಂದ ಕರಿಸಿದ್ದಪ್ಪ. "ಬಸ್ಸಿಗೆ ಹೊತ್ತಾಯ್ತು, ಬರ್ತೀನಿ."

ಸುದ್ದಿ ಬಂದದ್ದು ಅದಾದ ಕೆಲವೇ ದಿನಗಳಲ್ಲಿ, ಬೆಳಗಿನ ಹೊತ್ತು. ಹಟ್ಟಿಗೆ ನುಗ್ಗಿದ ತೋಳಕ್ಕೆ ಬೀರಪ್ಪ ಗುಂಡು ಹಾರಿಸಿದನಂತೆ. ಮೊದಲನೆಯದಕ್ಕೆ ಏನೂ ಆಗಲಿಲ್ಲವಂತೆ, ತೋಳ ತಪ್ಪಿಸಿಕೊಂಡಿತು. ಎರಡನೆಯದು ಹಿಂದಕ್ಕೆ ಸಿಡಿಯಿತು. ಬಲಗಣ್ಣು ಅಲ್ಲೇ ಹೋಯಿತು, ಎಡಗಣ್ಣಿಗೆ ಹಿತ್ತಾಳೆಯ ಚೂರು ಹೊಕ್ಕಿದೆ, ಲಾರಿಯೊಂದನ್ನು ಕೈ ಅಡ್ಡ ಹಾಕಿ ನಿಲ್ಲಿಸಿ ದುರ್ಗಕ್ಕೆ ಹೊತ್ತುಕೊಂಡು ಹೋದರು. ಸುದ್ದಿ ತಂದವನು ಇಷ್ಟನ್ನೂ ಹೇಳಿ, "ಬಂದೂಕೇ ಸರಿ ಇರ್ಲಿಲ್ಲ ಅಂತಾರಪ್ಪ" ಎಂದ. ಏಕನಾಥಮ್ಮ ಗೋಳೋ ಎಂದು ಅತ್ತಳು. ಕರಿಸಿದ್ದಪ್ಪನಿಗೆ ಅಳು ಬರಲಿಲ್ಲ. ಗೂಡಿನಲ್ಲಿದ್ದ ಎರಡು ಚುಕ್ಕೆಯ ಬೋಲ್ಟಿನ ಕಡೆ ನೋಡದಂತೆ ಕುತ್ತಿಗೆ ತಿರುಗಿಸಿಕೊಂಡು ಕೂತ.

ಮಾರನೆಯ ದಿನ ದುರ್ಗಕ್ಕೆ ಹೋದ. ಆಸ್ಪತ್ರೆಯ ಮೆಟ್ಟಿಲ ಮೇಲೆ ಲಾಲ್ ಸಾಬರು ಕೋಲೂರಿಕೊಂಡು ಇಳಿದು ಬರುತ್ತಿದ್ದರು. ಇವನನ್ನು ನೋಡಿ ನಿಂತರು. ಕರಿಸಿದ್ದಪ್ಪ ಎದೆ ಗಟ್ಟಿ ಮಾಡಿಕೊಂಡ. ಮುದುಕ ಈಗ ಕೇಳುತ್ತಾನೆ, ಹೇಳಿದೆಯಾ ಇಲ್ಲವಾ ಎಂದು ಕೇಳುತ್ತಾನೆ, ಉಗಿಯುತ್ತಾನೆ, ಉಗಿಯಲಿ ಎಂದುಕೊಂಡ.

ಸಾಬರು ಅವನ ಹೆಗಲ ಮೇಲೆ ಕೈ ಇಟ್ಟರು.

"ನಿಂದೇನು ತಪ್ಪಿಲ್ಲ ಸಿದ್ದಪ್ಪ. ನೀನು ಹೇಳಿದ್ದೆ."

ಅವನಿಗೆ ಅರ್ಥವಾಗಲಿಲ್ಲ.

"ಒಳಗೆ ಬೀರಪ್ಪನ ಮುಂದೇನೇ ಕೇಳ್ದೆ ನಾನು. ನಿಮ್ಮ ಭಾವನ ಕೈಲಿ ಹೇಳಿ ಕಳಿಸಿದ್ನಲ್ಲಪ್ಪ, ಯಾಕೆ ಒತ್ತಿದೆ ಅಂತ. ಅವನಿಗೆ ಏನೂ ಗೊತ್ತಿಲ್ಲ. ಆಗ ನಿನ್ನ ತಂಗಿ ಬಾಯಿ ಬಿಟ್ಲು. ಅಣ್ಣ ಸಂತೇಲಿ ಸಿಕ್ಕು ಎಲ್ಲಾ ಹೇಳಿದ್ದ, ನಾನೇ ಮನೆಗೆ ಬಂದು ಹೇಳೋದು ಮರೆತೆ ಅಂತ. ಮರೆತಳಂತೆ! ಎಂಥಾ ಹೆಂಗ್ಸಪ್ಪ ಅವಳು! ಗಂಡನ ಕಣ್ಣಿನ ಮಾತು ಮರೆಯೋದಾ? ಬಾಯಿಗೆ ಬಂದಂಗೆ ಬೈದುಬಿಟ್ಟೆ. ಬೀರಪ್ಪ ಗೋಡೆ ಕಡೀಗೆ ತಿರುಗಿ ಮಲಗ್ಯವ್ನೆ, ಅವಳು ನೀರು ಕೊಟ್ರೂ ಮುಟ್ತಿಲ್ಲ."

ಕರಿಸಿದ್ದಪ್ಪ ಇಪ್ಪತ್ತು ಮೆಟ್ಟಿಲು ಹತ್ತಿ ಒಳಗೆ ಹೋಗಿ, ಅವಳು ಹೇಳಿದ್ದು ಸುಳ್ಳು, ಅವಳು ಕೇಳಿದಾಗ ಏನಿಲ್ಲ ಅಂದವನು ನಾನು ಎಂದು ಹೇಳಬಹುದಿತ್ತು. ಕೊನೆಯ ಪಕ್ಷ ಈ ಮುದುಕನ ಮುಂದೆಯಾದರೂ ಹೇಳಬಹುದಿತ್ತು. ದೇವರು ಕೊಟ್ಟ ಮೂರನೆಯ ಅವಕಾಶ ಅದು. ಅವನು ಮೆಟ್ಟಿಲ ಕಡೆ ನೋಡಿದ, ಸಾಬರ ಮುಖ ನೋಡಿದ, ತನ್ನ ಕಾಲಿನ ಚಪ್ಪಲಿ ನೋಡಿದ.

"ನಾನೇ ಕಾರ್ಡು ಹಾಕಿದ್ರೆ ಆಗ್ತಿತ್ತು. ನಿಮ್ಮಿಬ್ಬರನ್ನ ಒಂದು ಮಾಡಾಣ ಅನ್ನೋ ಹುಚ್ಚು ನಂಗೆ" ಎಂದು ಸಾಬರು ಕಣ್ಣೊರೆಸಿಕೊಂಡರು. "ಹೋಗು, ಮಾತಾಡ್ಸು. ನಿನ್ನನ್ನ ಕೇಳಿದ. ಭಾವ ನನ್ನ ಜೀವದ ಬಗ್ಗೆ ಯೋಚ್ನೆ ಮಾಡಿದ್ನಲ್ಲ ಸಾಬ್ರೇ, ನಾನೇ ತಪ್ಪು ತಿಳಕಂಡಿದ್ದೆ ಅಂದ."

ಕರಿಸಿದ್ದಪ್ಪ ಒಳಗೆ ಹೋಗಲಿಲ್ಲ. ಈ ಮಾತು ಕೇಳಿದ ಮೇಲೆ ಹೋಗುವುದು ಹೇಗೆ? ಕುರಿ ಒಂಟಿ ಬಿಟ್ಟು ಬಂದಿದ್ದೇನೆ ಎಂದು ಏನೇನೋ ಗೊಣಗಿ, ತಿರುಗುವ ಬಸ್ಸಿಗೇ ಹತ್ತಿದ. ಅವನಿಗೆ ತನ್ನ ಮೇಲೆ ಬಂದದ್ದು ಅಸಹ್ಯ, ಬೇರೆ ಹೆಸರಿಲ್ಲ ಅದಕ್ಕೆ.

ಬೀರಪ್ಪನ ಎಡಗಣ್ಣಿಗೆ ಬೆಳಕು ನೆರಳು ಮಾತ್ರ ಉಳಿಯಿತು. ಕುರಿಗಳನ್ನು ಒಂದೊಂದಾಗಿ ಮಾರತೊಡಗಿದರು ಎಂಬ ಸುದ್ದಿ ಬಂತು. ಕಾಣದ ಕುರುಬ ಕುರಿ ಕಾಯುವುದು ಹೇಗೆ? ಗೌರಿ ಹಬ್ಬ ಹತ್ತಿರ ಬಂದಾಗ ಏಕನಾಥಮ್ಮ, "ಈ ಸಲವಾದ್ರೂ ಗಂಗಕ್ಕನ್ನ ಕರ್ಕಂಡು ಬರ್ರಿ" ಎಂದು ಅಂಗಲಾಚಿದಳು. ಕರಿಸಿದ್ದಪ್ಪ ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎನ್ನುತ್ತಿದ್ದ.

ಹಬ್ಬದ ಹಿಂದಿನ ದಿನ ಗಂಗಕ್ಕ ತಾನೇ ಬಂದಳು. ಕರೆಯದೆ ಬಂದವಳು ಒಳಗೆ ಬರಲಿಲ್ಲ, ಜಗುಲಿಯ ಕೆಳಗೆ ನಿಂತಳು. ಏಕನಾಥಮ್ಮ ಕುಡಿಯಲು ನೀರು ತರಲು ಓಡಿದಳು. ಗಂಗಕ್ಕ ಸೆರಗಿನ ಗಂಟು ಬಿಚ್ಚಿ, ಹಳೆಯ ಬಟ್ಟೆಯಲ್ಲಿ ಸುತ್ತಿದ್ದನ್ನು ಜಗುಲಿಯ ಮೇಲೆ ಇಟ್ಟಳು.

"ನಿಂದು ಅಣ್ಣ. ಒಂದು ಚುಕ್ಕೆ. ನೋಡ್ಕ."

ಮಸಿ ಹಿಡಿದಿತ್ತು, ಆದರೆ ಬೋಲ್ಟಿಗೆ ಏನೂ ಆಗಿರಲಿಲ್ಲ. ಕರಿಸಿದ್ದಪ್ಪ ಎದ್ದು ಗೂಡಿನಿಂದ ಇನ್ನೊಂದನ್ನು ತಂದು ಚಾಚಿದ. ಅವಳು ಕೈ ನೀಡಲಿಲ್ಲ.

"ಇಟ್ಕ. ಅದನ್ನ ಹಾಕ್ಕಂಡು ಗುರಿ ಹಿಡಿಯೋ ಕಣ್ಣು ನಮ್ಮನೇಲಿಲ್ಲ."

ಅವನು ಚಾಚಿದ ಕೈ ಇಳಿಸಿದ. "ಯಾಕೆ ಹಂಗಂದೆ ಗಂಗಾ? ನಾನು ನಿಂಗೆ ಏನೂ ಹೇಳಿರ್ಲಿಲ್ಲ" ಎಂದ.

"ಇಲ್ಲ, ಹೇಳಿರ್ಲಿಲ್ಲ. ನಾನು ಬಾಯಿಬಿಟ್ಟು ಕೇಳಿದ್ದೆ, ನೀನು ಹೇಳಿರ್ಲಿಲ್ಲ." ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಸಾಬ್ರು ಕೇಳಿದ ಕೂಡ್ಲೆ ನಂಗೆ ತಿಳೀತು. ನಿಜ ಹೇಳಿದ್ರೆ ನಿನ್ನ ಹೆಸರು ಹಿಡುದು ನಮ್ಮನೆಯೋರು ಸಾಯೋತನಕ ಶಾಪ ಹಾಕ್ತಿದ್ರು. ಅವರ ತಮ್ಮಂದ್ರು ಕೊಡಲಿ ಹಿಡ್ಕಂಡು ಬರ್ತಿದ್ರು. ಕಣ್ಣಂತೂ ಹೋಯ್ತು, ತೌರುಮನೆಯಾದ್ರೂ ಉಳೀಲಿ ಅಂದ್ಕಂಡು ಹೇಳಿಬಿಟ್ಟೆ. ಹೇಳಿದ ಮೇಲೆ ಯೋಚ್ನೆ ಮಾಡ್ದೆ, ಉಳಿಸ್ಕಣಕ್ಕೆ ಅಲ್ಲಿ ಏನೈತೆ ಅಂತ."

"ನಾನು ಬಂದು ಹೇಳ್ತೀನಿ ಅವನಿಗೆ. ಈಗಲೇ ಹೋಗಾಣ ನಡಿ."

"ಬ್ಯಾಡ." ಅವಳು ಮೊದಲ ಸಲ ದನಿ ಎತ್ತಿದಳು. "ಈಗ ನನ್ನೊಬ್ಬಳನ್ನ ಬೈಕಂಡು ಹೆಂಗೋ ಉಣ್ತಾರೆ. ಭಾವ ಒಳ್ಳೇನು, ಹೆಂಡ್ತಿನೇ ಕೇಡಿ ಅಂತಾರೆ. ಕಣ್ಣಿಲ್ಲದೋರಿಗೆ ಒಬ್ಬ ಒಳ್ಳೇನು ಅಂತ ಇರ್ಲಿ. ಅದನ್ನೂ ಕಿತ್ಕಬ್ಯಾಡ. ನೀನು ಬರಲೂ ಬ್ಯಾಡ, ಕರೆಯಲೂ ಬ್ಯಾಡ."

ಏಕನಾಥಮ್ಮ ನೀರಿನ ಚೊಂಬು ಹಿಡಿದು ಹೊರಗೆ ಬರುವಷ್ಟರಲ್ಲಿ ಗಂಗಕ್ಕ ಬೇವಿನ ಮರ ದಾಟಿ ಹೆದ್ದಾರಿಯ ಕಡೆ ನಡೆಯುತ್ತಿದ್ದಳು. ಎರಡು ಸಲ ಕೂಗಿದರೂ ತಿರುಗಿ ನೋಡಲಿಲ್ಲ.

ಕರಿಸಿದ್ದಪ್ಪ ಕಂಬಳಿಯ ಮೇಲೆ ಕೂತ. ಕೈಗಳಿಗೆ ಬೇರೆ ಏನೂ ತೋಚಲಿಲ್ಲ. ಗೋಡೆಯ ರೈಫಲ್ಲು ಇಳಿಸಿದ, ಒಂದು ಚುಕ್ಕೆಯ ಬೋಲ್ಟಿನ ಮಸಿಯನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದ, ಎಣ್ಣೆ ಸವರಿದ, ಏರಿಸಿದ. ಲಾಲ್ ಸಾಬರ ಕೈಯ ಕೆಲಸ, ಎಲ್ಲೂ ತಡೆಯದೆ ಒಳಗೆ ಹೋಯಿತು. ಹಿಡಿಕೆ ಕೆಳಕ್ಕೆ ಮಡಚಿದ. ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲದೆ, ಹೇಗೆ ಕೂರಬೇಕೋ ಹಾಗೆ ಕೂತಿತು.